ಪಂಪಾಪತಿ ಮೇಷ್ಟ್ರು ಮತ್ತು ಆ ಅರ್ಧ ಸಾಲು

ಪಂಪಾಪತಿ ಮೇಷ್ಟ್ರ ಮೂಗಿನ ಕೆಳಗೆ ಎರಡು ಬೆರಳಗಲದ ಖಾಲಿ ಜಾಗವೊಂದಿತ್ತು. ಅಂಥ ಜಾಗ ಎಲ್ಲರ ಮೂಗಿನ ಕೆಳಗೂ ಇರುತ್ತದಲ್ಲ ಎನ್ನಬಹುದು ನೀವು. ಇರುತ್ತದೆ. ಆದರೆ ಅವರದು ಖಾಲಿ ಮಾಡಿದ ಜಾಗ. ಮುಖವೆಲ್ಲ ನಮ್ಮ ಕಡೆಯ ಬಿಸಿಲಿಗೆ ಸುಟ್ಟು ಕಪ್ಪಾಗಿದ್ದರೂ ಅದೊಂದು ಮಾತ್ರ ನನ್ನ ಕಣ್ಣಿಗೆ ಕಡೆತನಕ ಬಿಳಿಚಿಕೊಂಡೇ ಕಾಣುತ್ತಿತ್ತು. ಬಸ್ಸು ಕಾಯುವಾಗ, ಉತ್ತರ ಪತ್ರಿಕೆ ತಿದ್ದುವಾಗ ಅವರ ತೋರುಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಹೋಗಿ, ಏನೂ ಇಲ್ಲವೆಂಬುದು ನೆನಪಾಗಿ, ಪೆಚ್ಚಾಗಿ ಕೆಳಗಿಳಿಯುತ್ತಿತ್ತು.

ಅಲ್ಲಿ ಮೊದಲು ಒಂದು ಚೋಟು ಮೀಸೆ ಇತ್ತು. ಜರ್ಮನಿಯ ಆ ಸರ್ವಾಧಿಕಾರಿಗೆ ಇತ್ತಲ್ಲ, ಥೇಟ್ ಅದೇ ಅಳತೆಯದು. ಆ ಮೀಸೆಯಿಂದಾಗಿ, ಅದಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಪಾಠವನ್ನು ಅವರು ಮಾಡುತ್ತಿದ್ದ ವೈಖರಿಯಿಂದಾಗಿ, ಹಗರಿಬೊಮ್ಮನಹಳ್ಳಿಯಿಂದ ಹಿಡಿದು ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯವರೆಗೆ ಮೇಷ್ಟ್ರಿಗೆ ಆ ಸರ್ವಾಧಿಕಾರಿಯ ಹೆಸರೇ ಅಂಟಿಕೊಂಡುಬಿಟ್ಟಿತ್ತು. ಬೈಗುಳವೆಂದಲ್ಲ, ಬಿರುದೆಂದು. ನಮ್ಮ ಕಡೆ ಕಟ್ಟುನಿಟ್ಟಿನ ಮನುಷ್ಯನನ್ನು ಹೊಗಳಬೇಕೆಂದರೆ ಆ ಹೆಸರಿಡುವುದು ರೂಢಿ. ಹೆಡ್‌ಮಾಸ್ತರರಿಗೆ, ಬಸ್ ಡಿಪೋದ ಸಾಹೇಬರಿಗೆ, ಕೆಲವು ಮನೆಗಳಲ್ಲಿ ಅತ್ತೆಯಂದಿರಿಗೂ ಅದೇ ಹೆಸರು. ನಾನು ಅದನ್ನಿಲ್ಲಿ ಬರೆಯುವುದಿಲ್ಲ. ಯಾರದೆಂದು ನಿಮಗೆ ಗೊತ್ತಾಗಿಯೇ ಇರುತ್ತದೆ. ಆ ಹೆಸರನ್ನು ಮೈಮೇಲಿಂದ ಕೊಡವಿಕೊಳ್ಳಲು ಮೇಷ್ಟ್ರು ಪಟ್ಟ ಪಾಡನ್ನು ಕಣ್ಣಾರೆ ಕಂಡವನು ನಾನು. ನನ್ನ ಕೈಯಿಂದಂತೂ ಅದು ಮತ್ತೆ ಅವರ ಮೇಲೆ ಬೀಳುವುದು ಬೇಡ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಅವರ ವಿದ್ಯಾರ್ಥಿ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ಹತ್ತನೆಯ ತರಗತಿಗೆ ಅವರು ಸಮಾಜ ವಿಜ್ಞಾನ ಹೇಳುತ್ತಿದ್ದರು. ತೆಳ್ಳಗಿನ ಆಳು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಚಳಿಗಾಲದಲ್ಲೂ ಮಡಚಿದ ತೋಳು. ಉಳಿದ ಪಾಠಗಳನ್ನು ಎಲ್ಲ ಮೇಷ್ಟ್ರುಗಳ ಹಾಗೆಯೇ ಹೇಳಿ ಮುಗಿಸುತ್ತಿದ್ದರು. ಆದರೆ ಎರಡನೆಯ ಮಹಾಯುದ್ಧದ ಪಾಠ ಬಂತೆಂದರೆ ಅವರೊಳಗೆ ಬೇರೆ ಯಾರೋ ಹೊಕ್ಕಂತಾಗುತ್ತಿತ್ತು. ಅವತ್ತು ಪಕ್ಕದ ಕ್ಲಾಸಿನವರೂ ಬಂದು ಕಿಟಕಿಗೆ ಜೋತುಬೀಳುತ್ತಿದ್ದರು.

ಸೋತು ಸುಣ್ಣವಾದ ದೇಶ, ಒಂದು ರೊಟ್ಟಿಗೆ ಗೋಣಿಚೀಲದ ತುಂಬ ನೋಟು ಕೊಡಬೇಕಾದ ದುರ್ಗತಿ, ಅಲ್ಲಿಂದ ಎದ್ದು ಬಂದ ಒಬ್ಬ ಬಡ ಸಿಪಾಯಿ. ಮೇಷ್ಟ್ರು ಮೇಜಿನ ಮೇಲೆ ಮುಷ್ಟಿ ಗುದ್ದಿ, ಮೀಸೆ ಕುಣಿಸಿ, ಕ್ಲಾಸಿನ ಈ ತುದಿಯಿಂದ ಆ ತುದಿಗೆ ಬೂಟು ಕುಟ್ಟುತ್ತ ನಡೆದು, "ಶಿಸ್ತು! ದೇಶ ಕಟ್ಟಾಕ ಏನ್ ಬೇಕಲೇ? ಶಿಸ್ತು!" ಎಂದು ಗುಡುಗಿದರೆ ನಮ್ಮ ಮೈಮೇಲಿನ ಕೂದಲೆಲ್ಲ ನಿಲ್ಲುತ್ತಿದ್ದವು. ನಾವೂ "ಶಿಸ್ತು!" ಎಂದು ಕೂಗುತ್ತಿದ್ದೆವು. ಅವತ್ತು ಸಂಜೆ ಊರ ತುಂಬ ಹುಡುಗರು ಕಾಲು ಕುಟ್ಟುತ್ತ ಮನೆಗೆ ಹೋಗುತ್ತಿದ್ದರು. ಬೇರೆ ಶಾಲೆಗಳವರು ವಾರ್ಷಿಕೋತ್ಸವಕ್ಕೆ ಮೇಷ್ಟ್ರನ್ನು ಕರೆಸಿ ಅದೇ ಭಾಷಣ ಮಾಡಿಸುತ್ತಿದ್ದರು. ಬಿರುದು ಹುಟ್ಟಿದ್ದು ಹಾಗೆ. ಆಗ ಅವರಿಗೂ ಅದು ಇಷ್ಟವೇ ಇತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಬೆರಳು ಮೀಸೆಯ ಮೇಲೆ ಒಮ್ಮೆ ಆಡಿಬರುತ್ತಿತ್ತು.

ಪಾಠದ ಕೊನೆಯ ಕಡೆಗೆ ಪಠ್ಯಪುಸ್ತಕದಲ್ಲಿ ಅರ್ಧ ಸಾಲಿತ್ತು. ಆತ ಯಹೂದಿಗಳನ್ನು ಹಿಂಸಿಸಿ ಕೊಲ್ಲಿಸಿದ ಎಂಬ ಅರ್ಥದ್ದು. ಅದರ ಮುಂದಿನ ಅರ್ಧ ಸಾಲು ಯಾವುದೋ ಒಪ್ಪಂದದ ಬಗ್ಗೆ. ಮೇಷ್ಟ್ರು ಅಲ್ಲಿಗೆ ಬಂದಾಗ ದನಿ ಇಳಿಸಿ, ಪುಸ್ತಕದಿಂದ ತಲೆ ಎತ್ತದೆ, "ಇದು ಪರೀಕ್ಷಾಕ ಬರಂಗಿಲ್ಲ. ಪೆನ್ಸಿಲ್ಲೀಲೆ ಗೆರಿ ಹೊಡೀರಿ," ಎನ್ನುತ್ತಿದ್ದರು. ಇಡೀ ಕ್ಲಾಸು ತಲೆ ತಗ್ಗಿಸಿ ಗೆರೆ ಹೊಡೆಯುತ್ತಿತ್ತು. ಸ್ಕೇಲು ಇದ್ದವರು ಸ್ಕೇಲಿಟ್ಟು ಹೊಡೆದರು. ಆ ಜನ ಯಾರು, ಅವರು ಮಾಡಿದ್ದಾದರೂ ಏನು ಎಂದು ಯಾರೂ ಕೇಳಲಿಲ್ಲ. ಪರೀಕ್ಷೆಗೆ ಬಾರದ್ದನ್ನು ಕೇಳುವ ಚಟ ನಮ್ಮ ಶಾಲೆಯಲ್ಲಿ ಯಾರಿಗೂ ಇರಲಿಲ್ಲ.

ನಾನು ಡಿಗ್ರಿ, ಬಿ.ಎಡ್. ಮುಗಿಸಿ ಅದೇ ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ವಾಪಸು ಬರುವಷ್ಟರಲ್ಲಿ ಮೀಸೆ ಮಾಯವಾಗಿತ್ತು. ನಮ್ಮ ಕಡೆ ಮೀಸೆ ಇದ್ದವನು ಏಕಾಏಕಿ ಬೋಳಿಸಿಕೊಂಡ ಎಂದರೆ ಮನೆಯಲ್ಲಿ ಹಿರಿಯರು ಯಾರೋ ತೀರಿಕೊಂಡರೆಂದೇ ಅರ್ಥ. ಮೇಷ್ಟ್ರ ತಂದೆ ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ಊರಿನವರು ದಾರಿಯಲ್ಲಿ ನಿಲ್ಲಿಸಿ, ದನಿ ತಗ್ಗಿಸಿ, "ಯಾರು ತೀರ್ಕೊಂಡ್ರಿ ಸರ್?" ಎಂದು ಕೇಳುತ್ತಿದ್ದರಂತೆ. ಅವರು "ಭಾಳ ಮಂದಿ ತೀರ್ಕೊಂಡಾರಪ್ಪ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರಂತೆ. ಮೇಷ್ಟ್ರಿಗೆ ತಲೆ ಸ್ವಲ್ಪ ಹೆಚ್ಚುಕಡಿಮೆ ಆಗಿದೆಯೆಂದು ಸ್ಟಾಫ್ ರೂಮಿನಲ್ಲಿ ಗುಸುಗುಸು ಇತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಶಾಲೆಯ ಪಡಸಾಲೆಯ ಮೆಟ್ಟಿಲ ಮೇಲೆ ಕೂಡಿಸಿಕೊಂಡು ಅವರೇ ಎಲ್ಲ ಹೇಳಿದರು.

"ಬಳ್ಳಾರಿಗೆ ಟ್ರೇನಿಂಗ್ ಹೋಗಿದ್ನೆಪಾ, ಬ್ಯಾಸಿಗಿ ರಜಾದಾಗ. ಯಾರೋ ಹಿರೇರು ಬಂದಿದ್ರು. ಗೋಡಿಗೆ ಬಿಳೇ ಪಂಚೆ ಕಟ್ಟಿ ಸಿನಿಮಾ ತೋರ್ಸಿದ್ರು. ಮೊದ್ಲು ಒಂದು ರೈಲು ಬಂತು. ಗೂಡ್ಸ್ ಡಬ್ಬಿ. ಶೇಂಗಾ ಚೀಲ ತುಂಬ್ತಾರಲ್ಲ, ಅಂಥಾವು. ಒಳಗ ಮಂದಿ ತುಂಬ್ಯಾರ. ಮುದುಕ್ರು, ಬಸುರಿ ಹೆಣ್ಮಕ್ಳು, ಹಾಲು ಕುಡಿಯೋ ಕೂಸು. ಆಮ್ಯಾಲೆ ಒಂದು ರಾಶಿ ತೋರ್ಸಿದ್ರು. ನಾ ಏನೋ ಹುಣಸಿ ಹಣ್ಣಿನ ರಾಶಿ ಅಂದ್ಕೊಂಡೆ. ಹತ್ರಕ್ಕ ತಂದು ತೋರ್ಸಿದಾಗ ನೋಡ್ತೀನಿ, ಕಾಲಾಗಿನ ಬೂಟು. ಸಣ್ಣ ಸಣ್ಣಾವು. ಹುಡುಗ್ರವು."

ಅವರ ಬೆರಳು ಮೂಗಿನ ಕೆಳಗೆ ಹೋಗಿ ಬಂತು. ನಮ್ಮ ಶಾಲೆಯಲ್ಲಿ ಮಕ್ಕಳು ಚಪ್ಪಲಿಗಳನ್ನು ಕ್ಲಾಸಿನ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗುವ ಪದ್ಧತಿ. ನಾವು ಕೂತಿದ್ದ ಮೆಟ್ಟಿಲ ಪಕ್ಕದಲ್ಲೇ ಒಂದು ರಾಶಿ ಬಿದ್ದಿತ್ತು, ಉಂಗುಷ್ಟ ಕಿತ್ತವು, ಪಿನ್ನು ಚುಚ್ಚಿದವು.

"ಜೂನ್‌ದಾಗ ಶಾಲಿ ಶುರುವಾತು. ಬಾಗಿಲ್ದಾಗ ಇವನ್ನ ನೋಡಿ ಒಳಗ ಕಾಲಿಡಾಕ ಆಗ್ಲಿಲ್ಲ ನನಗ. ಅರ್ಧ ಸಾಲು ಇತ್ತಲ್ಲೋ ತಮ್ಮಾ, ಆ ಅರ್ಧ ಸಾಲಿನಾಗ ಅರವತ್ತು ಲಕ್ಷ ಮಂದಿ ಇದ್ರಂತ. ನಾ ಅವ್ರನ್ನ ಪೆನ್ಸಿಲ್ಲೀಲೆ ಹೊಡಿಸಿಬಿಟ್ಟೆ. ಒಂದು ವರ್ಷಲ್ಲ, ಎರಡು ವರ್ಷಲ್ಲ. ಎಷ್ಟು ಬ್ಯಾಚು ಹೋದುವು ನನ್ನ ಕೈಯಾಗಿಂದ!"

ಅದಾದ ಮೇಲೆ ಮೇಷ್ಟ್ರು ಹಿಡಿದ ಕೆಲಸವನ್ನು ಬೇರೆ ಯಾವ ಮೇಷ್ಟ್ರೂ ಹಿಡಿದದ್ದು ನಾನು ಕಂಡಿಲ್ಲ. ಭಾನುವಾರ ಬಂತೆಂದರೆ ಹೆಗಲಿಗೆ ಚೀಲ ಹಾಕಿಕೊಂಡು ಬಸ್‌ ಸ್ಟ್ಯಾಂಡಿಗೆ ಹೋಗುವುದು, ಸಿಕ್ಕ ಬಸ್ಸು ಹತ್ತುವುದು, ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಹಿಡಿದು ಕೂಡಿಸಿ, ಆ ಪಾಠವನ್ನು ಮೊದಲಿಂದ ಮತ್ತೆ ಹೇಳುವುದು. "ಪುಸ್ತಕ ಐತೇನಲೇ? ಐತೆಂದ್ರ ಆ ಗೆರಿ ಅಳಿಸು," ಎನ್ನುತ್ತಿದ್ದರು. ಪುಸ್ತಕಗಳು ಎಂದೋ ಶೇಂಗಾ ಪೊಟ್ಟಣಗಳಾಗಿ ಹೋಗಿದ್ದವು. ಅವರ ಮನೆಯವರು ನೀಲಮ್ಮನವರು ನನ್ನ ಮುಂದೆ, "ಮಂದಿ ವಯಸ್ಸಾದ ಮ್ಯಾಲೆ ತೀರ್ಥಯಾತ್ರಿ ಮಾಡ್ತಾರ, ಇವ್ರದು ಹಳೇ ಹುಡುಗ್ರ ಯಾತ್ರಿ ನೋಡಪಾ," ಎಂದು ನಗುತ್ತಿದ್ದರು. ನಗುತ್ತಲೇ ಚೀಲಕ್ಕೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದರು.

ಹಲವು ಸಲ ನಾನೂ ಜೊತೆಗೆ ಹೋಗಿದ್ದೇನೆ. ಮಾಗಳದಲ್ಲಿ ಹೊಳೆ ದಂಡೆಯ ಗದ್ದೆಗೆ ಮೋಟರು ಹಚ್ಚುತ್ತಿದ್ದವನೊಬ್ಬ, "ಪಾಸಾಗಿ ಏಸೋ ವರ್ಷಾತಲ್ರಿ ಸರ್, ಈಗ್ಯಾಕ ಪಾಠ?" ಎಂದು ಗಾಬರಿಯಾಗಿದ್ದ. ತನ್ನ ಮಾರ್ಕ್ಸ್ ಕಾರ್ಡಿನಲ್ಲಿ ಏನೋ ತೊಂದರೆ ಬಂದಿದೆಯೆಂದು ಅವನ ಭಯ. ಹರಪನಹಳ್ಳಿಯ ಬಟ್ಟೆ ಅಂಗಡಿಯವನು ಟೀ ತರಿಸಿಕೊಟ್ಟು, "ಬಿಡಿ ಸಾ, ಸತ್ತೋರು ಸತ್ತ್ರು, ಈಗ್ಯಾರು ಕೇಳ್ತಾರೆ," ಎಂದು ಮೇಷ್ಟ್ರಿಗೇ ಸಮಾಧಾನ ಹೇಳಿ ಕಳಿಸಿದ.

ಎಲ್ಲರೂ ಹಾಗಿರಲಿಲ್ಲ. ಹಗರಿಬೊಮ್ಮನಹಳ್ಳಿ ಬಸ್‌ ಸ್ಟ್ಯಾಂಡಿನ ಹಿಂದೆ ಬೈಕು ರಿಪೇರಿ ಮಾಡುವ ರಫೀಕ್ ನಮ್ಮ ಶಾಲೆಯವನೇ, ನನಗಿಂತ ಒಂದು ವರ್ಷ ಹಿರಿಯ. ಕೈಯಲ್ಲಿ ನಟ್ಟು ಬಿಚ್ಚುವ ಪಾನ ಹಿಡಿದುಕೊಂಡೇ ಪೂರ್ತಿ ಕೇಳಿದ. ಕೇಳಿ ಮುಗಿದ ಮೇಲೆ, "ಸರ್, ಆ ಮಂದೀವು ಅಲ್ಲಿ ಅಂಗಡಿ ಇದ್ವೇನ್ರಿ?" ಎಂದು ಕೇಳಿದ.

"ಇದ್ವಪ್ಪ. ಅಂಗಡಿ, ದವಾಖಾನಿ, ಎಲ್ಲಾ ಇದ್ವು. ಮೊದ್ಲು ಬಂದ್ ಮಾಡ್ಸಿದ್ದ ಅವನ್ನ."

"ಅಂದ್ರ ಕಾಯಂ ಗಿರಾಕಿ ಇದ್ದಿರ್ತಾರ."

"ಇರ್ತಾರ."

"ಗಿರಾಕಿ ಸೈತ ಸುಮ್ಕಿದ್ರಾ ಸರ್?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ರಫೀಕ್ ಅಲ್ಲಿ ಗಾಡಿ ಬಿಟ್ಟು ಕಾಯುತ್ತಿದ್ದವರ ಮುಖಗಳನ್ನು ಒಂದು ಸಲ ನೋಡಿ ಕೆಲಸಕ್ಕೆ ಕೂತ. ಅವತ್ತು ಮನೆಗೆ ನಡೆಯುವಾಗ ಮೇಷ್ಟ್ರು, "ಒಬ್ಬನಿಗೆ ತಿಳೀತು ನೋಡು," ಎಂದು ಖುಷಿಯಲ್ಲಿದ್ದರು.

ಆ ಖುಷಿಯನ್ನು ಇಳಿಸಿದವನು ಕೊಟ್ಟೂರಿನ ಕೊಟ್ರೇಶ. ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಅಂಗಡಿ ಇಟ್ಟಿದ್ದ. ನಾವು ಹೋದಾಗ ಬಾಣಲೆಯ ಮುಂದೆ ನಿಂತಿದ್ದ. ಮೇಷ್ಟ್ರನ್ನು ಕಂಡವನೇ ಸೌಟು ಬಿಟ್ಟು ಬಂದು ಕಾಲು ಮುಟ್ಟಿ, ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಆ ಹೆಸರಿನಿಂದಲೇ ಪರಿಚಯಿಸಿದ. "ನಮ್ ದೇಶಕ್ಕೂ ಅಂಥೋನೊಬ್ಬ ಬೇಕ್ರಿ ಸರ್. ಎಲ್ಲಾ ಲೈನಿಗೆ ಬರ್ತಿದ್ರು," ಎಂದ.

"ಯಾರು ಹೇಳಿದ್ರಲೇ ನಿನಗ?" ಎಂದರು ಮೇಷ್ಟ್ರು.

"ಯಾರು ಅಂದ್ರ? ನೀವ ಕಲ್ಸಿದ್ದಲ್ರೀ!"

ಮೇಷ್ಟ್ರು ಆ ಕಾದ ಎಣ್ಣೆಯ ಮುಂದೆ ನಿಂತುಕೊಂಡೇ ಪಾಠ ಶುರು ಮಾಡಿದರು. ಮೊದಲು ಶಾಲೆಗಳಿಂದ ಆ ಜನರ ಮಕ್ಕಳನ್ನು ಹೊರಗೆ ಹಾಕಿದ್ದು, ಅಂಗಿಯ ಮೇಲೆ ಗುರುತು ಹೊಲಿಸಿದ್ದು, ನಿನ್ನೆಯವರೆಗೆ ಸಕ್ಕರೆ ಕಡ ಒಯ್ಯುತ್ತಿದ್ದ ಪಕ್ಕದ ಮನೆಯವರು ಇವತ್ತು ಕದ ಹಾಕಿಕೊಂಡದ್ದು, ಕೊನೆಗೆ ರೈಲು, ವಿಷದ ಗಾಳಿ ಬಿಡುವ ಕೋಣೆ. ನಡುನಡುವೆ ಯಾರೋ "ಎರಡು ಪ್ಲೇಟ್ ಮಿರ್ಚಿ" ಎನ್ನುವರು. ಕೊಟ್ರೇಶ "ಒಂದ್ ನಿಮಿಷ ತಡೀರಿ ಸರ್" ಎಂದು ಕಟ್ಟಿಕೊಟ್ಟು ಬರುವನು. ಮೇಷ್ಟ್ರು ಪಾಠ ಎಲ್ಲಿಗೆ ಬಂದಿತ್ತೆಂದು ಮರೆಯುವರು. ಮುಷ್ಟಿ ಗುದ್ದಲಿಲ್ಲ, ದನಿ ಏರಿಸಲಿಲ್ಲ. ಎರಡು ಸಲ ತೊದಲಿದರು. ಬೂಟುಗಳ ರಾಶಿಯ ಹತ್ತಿರ ಬಂದಾಗ ಮಾತೇ ನಿಂತುಹೋಗಿ, ನಾನು ಮುಂದಿನದನ್ನು ಹೇಳಬೇಕಾಯಿತು.

ಕೊಟ್ರೇಶ ಎಲ್ಲ ಕೇಳಿ, ಕೈ ಒರೆಸಿಕೊಂಡು, ತುಂಬ ಪ್ರೀತಿಯಿಂದಲೇ, "ಅದೆಲ್ಲ ಖರೆ ಇರಬೌದ್ರಿ ಸರ್. ಆದ್ರ ಅವತ್ತು ಕ್ಲಾಸಿನಾಗ ಏನ್ ಚೆಂದ ಹೇಳಿದ್ರೀ ನೀವು! ಇನ್ನೂ ಕಣ್ಣಾಗ ಐತಿ. ಇವತ್ತು ಅಷ್ಟು ಚೆಂದ ಬರಲಿಲ್ಲ ಬಿಡ್ರಿ," ಎಂದ. ದಾರಿಗಿರಲಿ ಎಂದು ಒಂದು ಕಾಗದದ ತುಂಬ ಮಿರ್ಚಿಯನ್ನೂ ಕಟ್ಟಿಕೊಟ್ಟ.

ವಾಪಸು ಬರುವ ಬಸ್ಸಿನಲ್ಲಿ ಆ ಪೊಟ್ಟಣ ಮೇಷ್ಟ್ರ ತೊಡೆಯ ಮೇಲೆ ಹಾಗೇ ಇತ್ತು. ಎಣ್ಣೆ ಇಳಿದು ಬಿಳಿ ಪ್ಯಾಂಟಿಗೆ ಹತ್ತಿದ್ದೂ ಅವರಿಗೆ ಗೊತ್ತಾಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು, "ಆ ಮಗ ಖರೇನ ಹೇಳ್ದ," ಎಂದರು. "ಸುಳ್ಳು ಹೇಳೋ ಮುಂದ ನನ್ನ ನಾಲಿಗಿ ಏನ್ ಓಡ್ತಿತ್ತಲ್ಲೋ! ಈಗ ಖರೆ ಹೇಳಾಕ ಬಂದ್ರ ತೊದಲ್ತೈತಿ. ಹುಡುಗ್ರು ನೆನಪಿಟ್ಟಿದ್ದು ಓಡಿದ್ದನ್ನ ನೋಡಪಾ, ತೊದಲಿದ್ದನ್ನ ಯಾರ್ ನೆನಪಿಡ್ತಾರ." ಮಿರ್ಚಿ ತಣ್ಣಗಾಗುತ್ತವೆ ಸರ್ ಎಂದೆ.

ಶಾಲೆಯಲ್ಲಿ ಆ ಪಾಠವನ್ನು ಅವರು ಹೇಳುವ ರೀತಿಯೂ ಬದಲಾಗಿತ್ತು. ಈಗ ಕುರ್ಚಿಯಲ್ಲಿ ಕೂತು, ಸಣ್ಣ ದನಿಯಲ್ಲಿ, ಪೀರಿಯಡ್ಡಿನ ಮೇಲೆ ಪೀರಿಯಡ್ಡು ಅದನ್ನೇ ಹೇಳುತ್ತಿದ್ದರು. ಪೋರ್ಷನ್ ಮುಗಿಯುವುದಿಲ್ಲವೆಂದು ಹೆಡ್‌ಮಾಸ್ತರರು ಗೊಣಗುತ್ತಿದ್ದರು. "ಇದು ಪರೀಕ್ಷಾಕ ಬರಂಗಿಲ್ಲ. ಅದಕ್ಕ ನೆನಪಿಡ್ರಿ," ಎಂಬುದು ಅವರ ಹೊಸ ಮಾತು. ಮಕ್ಕಳಿಗೆ ಅದೇನು ಅಂಥ ರುಚಿಸುತ್ತಿರಲಿಲ್ಲ. ಎಲ್ಲೋ ದೂರದ ದೇಶ, ಹೆಸರು ಕೇಳದ ಜನ. ಇದನ್ನು ಹುಡುಗರ ಎದೆಗೆ ಮುಟ್ಟಿಸುವುದು ಹೇಗೆಂದು ತಲೆ ಕೆಡಿಸಿಕೊಂಡು ಒಂದು ವರ್ಷ ಅವರೊಂದು ಉಪಾಯ ಹೂಡಿದರು.

ಬೆಳಿಗ್ಗೆ ಹಾಜರಿ ಕೂಗುವಾಗ ಒಂದು ಬೆಂಚನ್ನು ಬೇಕೆಂದೇ ಬಿಟ್ಟುಬಿಡುವುದು. ಆ ಬೆಂಚಿನವರ ಹೆಸರು ಕೂಗುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಅವರತ್ತ ನೋಡುವುದೂ ಇಲ್ಲ. ಒಂದು ದಿನವೋ ಎರಡು ದಿನವೋ ಆದ ಮೇಲೆ ಯಾರಾದರೂ ಎದ್ದು, ಸರ್ ಅವರನ್ಯಾಕೆ ಬಿಟ್ಟಿರಿ ಎಂದು ಕೇಳಿಯೇ ಕೇಳುತ್ತಾರೆ. ಕೇಳಿದ ಕೂಡಲೇ, ನೋಡ್ರಿ, ಅಲ್ಲಿ ಹೀಗೆ ಕೇಳುವವರು ಸಾಕಷ್ಟು ಇರಲಿಲ್ಲ ಎಂದು ಪಾಠ ಶುರು ಮಾಡುವುದು. "ನೀನೂ ಬಂದು ಹಿಂದ ನಿಂದ್ರು, ಮಜಾ ಐತಿ," ಎಂದು ನನ್ನನ್ನೂ ಕರೆದಿದ್ದರು. ಅವರು ಅಷ್ಟು ಉತ್ಸಾಹದಲ್ಲಿದ್ದುದನ್ನು ನೋಡಿ ಬಹಳ ದಿನವಾಗಿತ್ತು.

ಸೋಮವಾರ ಯಾರೂ ಕೇಳಲಿಲ್ಲ. ಮಂಗಳವಾರವೂ ಕೇಳಲಿಲ್ಲ. ವಾರ ಪೂರ್ತಿ ಹಾಗೇ ಹೋಯಿತು. ಶನಿವಾರ ನಾನು ಹಿಂದೆ ನಿಂತಿದ್ದೆ. ಹಾಜರಿ ಪುಸ್ತಕ ಮುಚ್ಚಿ ಮೇಷ್ಟ್ರೇ ಸೋತು ಕೇಳಿದರು. "ಈ ವಾರ ಹಾಜರಿಯಾಗ ಏನಾರ ವ್ಯತ್ಯಾಸ ಕಂಡ್ತೇನ್ರೋ?"

ಮುಂದಿನ ಬೆಂಚಿನವರು ಒಬ್ಬರ ಮುಖ ಒ‌ಬ್ಬರು ನೋಡಿದರು. "ಏನಿಲ್ರಿ ಸರ್," ಎಂದನೊಬ್ಬ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಅವನಿಗೇನೂ ಕಂಡಿರಲಿಲ್ಲ.

ಬಿಟ್ಟ ಬೆಂಚು ಕಡೆಯದು. ಅಲ್ಲಿ ಕೂರುತ್ತಿದ್ದವರು ಊರಾಚೆಯ ಕೇರಿಯ ಹುಡುಗಿಯರು. ಮೇಷ್ಟ್ರು ಆ ಬೆಂಚಿನ ತುದಿಯಲ್ಲಿ ಕೂತಿದ್ದ ಹುಲಿಗೆಮ್ಮ ಎಂಬುವಳನ್ನು ಎಬ್ಬಿಸಿದರು. "ವಾರದಿಂದ ನಿನ್ನ ಹೆಸರು ನಾ ಕರದೇ ಇಲ್ಲವ್ವ. ಯಾಕ ಕೇಳ್ಲಿಲ್ಲ ನೀನು?"

ಅವಳು ನೆಲ ನೋಡುತ್ತ, "ಮರ್ತಿರಬೇಕು ಅಂದ್ಕೊಂಡ್ವಿ ಸರ್," ಎಂದಳು. ಮೇಷ್ಟ್ರು ಇನ್ನೂ ಅವಳನ್ನೇ ನೋಡುತ್ತಿದ್ದರಿಂದ, ಏನೋ ತಪ್ಪು ಮಾಡಿದವಳ ಹಾಗೆ, "ನಮಗ ರೂಢಿ ಐತ್ರಿ," ಎಂದು ಸೇರಿಸಿದಳು.

ಅವತ್ತು ಪಾಠ ನಡೆಯಲಿಲ್ಲ. ಮೇಷ್ಟ್ರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದು, ಬಾಗಿಲ ಹತ್ತಿರ ಆ ಚಪ್ಪಲಿಗಳ ಮುಂದೆ ನಿಂತುಬಿಟ್ಟರು. ನಾನು ಹಿಂದೆಯೇ ಹೋದೆ. "ಯಾವ ಬೆಂಚು ಬಿಡ್ಲಿ ಅಂತ ನಾ ವಿಚಾರ ಸೈತ ಮಾಡ್ಲಿಲ್ಲ ತಮ್ಮಾ," ಎಂದರು. "ಕೈ ತಾನ ಅತ್ತಾಗ ಹೋತು. ಜರ್ಮನೀದು ತಿದ್ದಾಕ ಊರೂರು ತಿರುಗಿದೆ. ನನ್ನ ಕ್ಲಾಸಿನ ಕಡೀ ಬೆಂಚು ನನಗ ಕಾಣ್ಲಿಲ್ಲ ನೋಡು."

ಸೋಮವಾರ ಅವರು ಕ್ಲಾಸಿಗೆ ಬಂದವರೇ ಆ ಹುಡುಗಿಯರ ಹತ್ತಿರ ಹೋಗಿ, ಎಲ್ಲರ ಮುಂದೆ, "ತಪ್ಪು ನಂದವ್ವ," ಎಂದರು. ಆಮೇಲೆ ಹಾಜರಿಯನ್ನು ಕಡೆಯ ಬೆಂಚಿನಿಂದ ಶುರು ಮಾಡಿದರು. ಪುಸ್ತಕದಲ್ಲಿದ್ದ ಅನುಕ್ರಮ ಒಂದು, ಇವರು ಕೂಗುವುದೇ ಇನ್ನೊಂದು. ಹುಲಿಗೆಮ್ಮನ ಹೆಸರು ಮೊದಲು ಬಂದಾಗ ಅವಳಿಗೆ "ಹಾಜರ್ ಸರ್" ಎನ್ನುವುದೇ ಮರೆತುಹೋಯಿತು. ಎರಡನೆಯ ಸಲ ಕೂಗಿದ ಮೇಲೆ ಅಂದಳು. ಆಮೇಲೆ ಪಾಠ ನಡೆಯಿತು. "ಅಲ್ಲಿ ಆದದ್ದಕ್ಕೂ ಇಲ್ಲೀದಕ್ಕೂ ಸಮ ಹಿಡೀಬ್ಯಾಡ್ರಿ. ಅದು ಅಲ್ಲೀದು, ಅಷ್ಟು ದೊಡ್ಡದು," ಎಂದು ಮೊದಲೇ ಹೇಳಿದರು. "ಆದ್ರ ಅದು ಒಮ್ಮಿಂದೊಮ್ಮೆಗೆ ಕೊಲ್ಲೋದ್ರಿಂದ ಶುರುವಾಗ್ಲಿಲ್ಲ. ಹೆಸರು ಬಿಡೋದ್ರಿಂದ ಶುರುವಾತು. ಬಿಟ್ಟದ್ದು ಉಳಿದೋರಿಗೆ ಕಾಣ್ಲೇ ಇಲ್ಲ." ಮುಂದಿನ ಬೆಂಚಿನ ಹುಡುಗ ಅವತ್ತು ತಲೆ ಎತ್ತಲಿಲ್ಲ. ರಿಟೈರ್ ಆಗುವವರೆಗೂ ಮೇಷ್ಟ್ರು ಹಾಜರಿಯನ್ನು ಹಿಂದಿನಿಂದಲೇ ಕೂಗಿದರು. ಹೆಡ್‌ಮಾಸ್ತರರು ಅದಕ್ಕೂ ಗೊಣಗಿದರು.

ಇಷ್ಟಾದರೂ ಆ ಹೆಸರು ಹೋಗಲಿಲ್ಲ. ಅಂಗಡಿಯವರು, ಬಸ್ಸಿನವರು, ಪೋಸ್ಟಿನವರು, ಎಲ್ಲರ ಬಾಯಲ್ಲೂ ಅದೇ. ಮೇಷ್ಟ್ರು ಮೊದಮೊದಲು ಬಿಡಿಸಿ ಹೇಳಿದರು, ಆಮೇಲೆ ಸಿಟ್ಟಾದರು. ಸಿಟ್ಟಾದಷ್ಟೂ ಜನಕ್ಕೆ ಆ ಹೆಸರು ಇನ್ನೂ ಒಪ್ಪುತ್ತದೆ ಎನಿಸುತ್ತಿತ್ತು. ರಿಟೈರ್ ಆದ ದಿನ ಬೀಳ್ಕೊಡುಗೆಯಲ್ಲಿ ಮಾತಾಡಿದ ಮೂವರಲ್ಲಿ ಇಬ್ಬರು ಅದೇ ಬಿರುದಿನಿಂದ ಶುರು ಮಾಡಿ ಚಪ್ಪಾಳೆ ಗಿಟ್ಟಿಸಿದರು. ವೇದಿಕೆಯ ಮೇಲೆ ಮೇಷ್ಟ್ರು ಹಾರ ಹಾಕಿಕೊಂಡು, ಜ್ವರ ಬಂದವರ ಹಾಗೆ ಕೂತಿದ್ದರು.

ನಾನು ಅವರನ್ನು ಕಡೆಯ ಸಲ ಕಂಡದ್ದು ಅದಾದ ಕೆಲವು ವರ್ಷಗಳ ಮೇಲೆ. ಎದೆಯ ತೊಂದರೆಯಿಂದ ಹಾಸಿಗೆ ಹಿಡಿದಿದ್ದರು. ಹೊಗೆಯಾಡುವಂಥ ಬಿಸಿಲು. ನೀಲಮ್ಮನವರು ಮಜ್ಜಿಗೆ ತರಲು ಒಳಗೆ ಹೋಗಿದ್ದರು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಗ್ಯಾಸ್ ಸಿಲಿಂಡರಿನವನು ಆ ಹೆಸರು ಹೇಳಿ, ಅವರ ಮನಿ ಯಾವುದ್ರಿ ಎಂದು ಪಕ್ಕದವರನ್ನು ವಿಚಾರಿಸುತ್ತಿದ್ದ. ಪಕ್ಕದವರು ತೋರಿಸಿದರು. ಕಿಟಕಿ ತೆರೆದಿದ್ದರಿಂದ ಎಲ್ಲ ಕೇಳಿಸಿತು. ಮೇಷ್ಟ್ರು ನಕ್ಕರು. ಬೆರಳು ಮೂಗಿನ ಕೆಳಗೆ ಹೋಯಿತು.

"ನೋಡ್ದೇನು. ಮೀಸಿ ಬೋಳಿಸಿದ್ರೂ ಹೆಸ್ರು ಬೋಳಿಸಾಕ ಆಗ್ಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ, "ನಾ ಹೋದ ಮ್ಯಾಲರ ಆ ಹೆಸ್ರು ಬಿಡ್ರಿ ಅಂತ ಮಂದೀಗಿ ಹೇಳಪಾ. ಅದೊಂದು ಮಾಡು," ಎಂದರು. ಮಾಡ್ತೀನಿ ಸರ್ ಎಂದೆ. ಅವರು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ತೀರಿಕೊಂಡದ್ದು ಆ ವಾರವೇ. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಬಸ್‌ ಸ್ಟ್ಯಾಂಡಿನ ಕಡೆ ಹೋದರೆ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿತ್ತು. ಭಾವಪೂರ್ಣ ಶ್ರದ್ಧಾಂಜಲಿ. ಅದರ ಕೆಳಗೆ ದಪ್ಪ ಕೆಂಪಕ್ಷರದಲ್ಲಿ ಆ ಹೆಸರು, ಮುಂದೆ ಮೇಷ್ಟ್ರು. ಪಂಪಾಪತಿ ಎಂಬುದು ತಳದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕು. ನಡುವಿನ ಫೋಟೋ ಸ್ಟುಡಿಯೋದವರ ಹತ್ತಿರ ಉಳಿದಿದ್ದ ಹಳೆಯದು. ಮೀಸೆ ಇತ್ತು. ದೊಡ್ಡದು ಮಾಡಿ ಹಾಕಿದ್ದರಿಂದ ಅಂಗೈಯಷ್ಟಗಲ ಇತ್ತು.

ಹಾಕಿಸಿದವನು ರಫೀಕ್. ನಾನು ಸಿಟ್ಟಿನಿಂದಲೇ ಅವನ ಗ್ಯಾರೇಜಿಗೆ ಹೋದೆ. ಅವನು ಎರಡು ದಿನದಿಂದ ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದ. "ನಿನಗೆಲ್ಲ ಗೊತ್ತಿತ್ತಲ್ಲೋ ರಫೀಕಣ್ಣ. ನಿನಗ ತಿಳೀತು ಅಂತ ಮೇಷ್ಟ್ರು ಎಷ್ಟು ಖುಷಿಯಾಗಿದ್ರು," ಎಂದೆ.

"ಗೊತ್ತೈತ್ರಿ ಸರ್," ಎಂದ. ವಯಸ್ಸಿನಲ್ಲಿ ಹಿರಿಯನಾದರೂ ನಾನು ಮೇಷ್ಟ್ರಾದ ಮೇಲೆ ಅವನು ನನ್ನನ್ನು ಸರ್ ಎಂದೇ ಕರೆಯುವುದು. "ಅವ್ರು ಹೇಳಿದ್ದು ಒಂದಕ್ಷರ ಮರ್ತಿಲ್ಲ ನಾನು. ಆದ್ರ ಪಂಪಾಪತಿ ಅಂತ ಹಾಕಿದ್ರ ಈ ಊರಾಗ ಯಾರ್ಗೆ ಗುರ್ತು ಸಿಗ್ತೈತ್ರಿ? ಯಾರೋ ಹೋದ್ರು ಅಂತ ಸುಮ್ನಾಗ್ತಾರ. ನಮ್ ಸರ್ ಹೋದದ್ದು ಯಾರಿಗೂ ತಿಳೀದಂಗ ಆಗಬಾರದಲ್ರಿ. ತಪ್ಪಾತೇನ್ರಿ?" ಅವನ ಮುಖ ನೋಡಿ ನನಗೆ ಹೌದು ಎನ್ನಲಾಗಲಿಲ್ಲ. ಹೇಳಬೇಕಾಗಿತ್ತು. ಕೊಟ್ಟ ಮಾತು ಅದೊಂದೇ ಆಗಿತ್ತು.

ಸರ್ಕಲ್ಲಿಗೆ ವಾಪಸು ಬಂದು ಆ ಫ್ಲೆಕ್ಸಿನ ಮುಂದೆ ನಿಂತಿದ್ದೆ. ಹರಪನಹಳ್ಳಿ ಕಡೆಯ ಬಸ್ಸಿನಿಂದ ಇಳಿದ ಒಬ್ಬಳು ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ನನ್ನ ಹತ್ತಿರ ಬಂದು, "ಸರ್, ನಾನ್ರಿ ಹುಲಿಗೆಮ್ಮ," ಎಂದಳು. ಕಡೆಯ ಬೆಂಚಿನ ಹುಲಿಗೆಮ್ಮ. ಹರಪನಹಳ್ಳಿ ಹತ್ತಿರದ ಅರಸೀಕೆರೆಗೆ ಕೊಟ್ಟಿದ್ದರು, ಅಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. "ನಮ್ ಸರ್ ತೀರ್ಕೊಂಡ್ರಂತ ಅವ್ವ ಫೋನ್ ಮಾಡಿದ್ಲು. ಮನಿ ಯಾವ ಕಡೀಗ್ರಿ? ಆ ಓಣ್ಯಾಗ ನಾವು ಯಾವತ್ತೂ ಹೋಗಿಲ್ರಿ." ಎಂದವಳು ಫ್ಲೆಕ್ಸಿನ ಕಡೆ ತಲೆ ಎತ್ತಿ, "ಇವ್ರೂ ತೀರ್ಕೊಂಡ್ರೇನ್ರಿ? ಯಾರ್ರಿ ಇವ್ರು?" ಎಂದಳು.

ನಾನು ತಳದ ಸಣ್ಣ ಅಕ್ಷರಗಳನ್ನು ತೋರಿಸಿದೆ. ಅವಳು ಹತ್ತಿರ ಹೋಗಿ ಓದಿದಳು. "ಹೆಸರೇನೋ ನಮ್ ಸರ್ದ ಬರ್ದಾರ. ಫೋಟೋ ಬ್ಯಾರೆ ಯಾರದೋ ಹಾಕ್ಯಾರಲ್ರಿ."

"ಮೊದ್ಲು ಹಿಂಗಿದ್ರಮ್ಮ. ಈ ದೊಡ್ಡಕ್ಷರದ ಹೆಸರೂ ಅವ್ರದ. ನೀನು ಕೇಳಿಲ್ಲೇನು?"

"ಊರಾಗಿನ ಹುಡುಗ್ರು ಅಂತಿದ್ರಿ. ನಾವು ಅದು ಹೆಡ್‌ಮಾಸ್ತರ್ಗೆ ಅಂದ್ಕೊಂಡಿದ್ವಿ. ನಮ್ ಕೇರ್ಯಾಗ ಸರ್‌ಗೆ ಹಾಜರಿ ಮೇಷ್ಟ್ರು ಅಂತಿದ್ವಿ. ಮೊದ್ಲು ನಮ್ಮ ಹೆಸರು ಕರೀತಿದ್ರಲ್ರಿ. ನಾವು ಮನ್ಯಾಗ ಹೇಳಿ ಹೇಳಿ ನಮ್ಮವ್ವಗೂ ಅದ ರೂಢಿ ಆಗೈತಿ. ನಿನ್ನಿ ಫೋನಿನಾಗೂ ಹಾಜರಿ ಮೇಷ್ಟ್ರು ಹೋದ್ರಂತ ಅಂದ್ಲು."

ಹತ್ತು ಹನ್ನೆರಡು ವರ್ಷ ಊರೂರು ತಿರುಗಿ ಒಂದು ಹೆಸರು ಕಳೆದುಕೊಳ್ಳಲು ಹೆಣಗಿದ ಮನುಷ್ಯ. ಅವರ ಮನೆಯಿಂದ ಆ ಕೇರಿ ಕೂಗಿದರೆ ಕೇಳುವಷ್ಟು ಹತ್ತಿರ.

"ಇದನ್ನ ಸರ್‌ಗೆ ಯಾವತ್ತಾರ ಹೇಳಿದ್ರೇನಮ್ಮ?" ಎಂದೆ.

ಹುಲಿಗೆಮ್ಮ ಗಾಬರಿಯಾಗಿ ಬಾಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ, ಎಲ್ಲೀದ್ರಿ. ಮೇಷ್ಟ್ರಿಗೆ ಇಟ್ಟ ಅಡ್ಡಹೆಸ್ರು ಮೇಷ್ಟ್ರ ಮುಂದ ಹೇಳ್ತಾರೇನ್ರಿ?"

ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು, ಮನಿ ಯಾವ ಕಡೀಗ್ರಿ ಎಂದು ಮತ್ತೆ ಕೇಳಿದಳು. ನಾನು ಅವಳನ್ನು ಕರೆದುಕೊಂಡು ಹೋದೆ. ಕೇರಿಯವರು ಇಟ್ಟಿದ್ದ ಆ ಹೆಸರನ್ನು ನೀಲಮ್ಮನವರಿಗೆ ಹೇಳಿದೆವು. ಅವರು ಕೇಳಿ, ಗೋಡೆಗೆ ಒರಗಿ, ಖಾಲಿ ಮಂಚವನ್ನು ನೋಡುತ್ತ ಕೂತರು.